ಬಿಡುವಿನ ಗಂಟೆ ಹೊಡೆದಾಗ ಹುಡುಗಿಯರು ಎಲ್ಲಿರುತ್ತಾರೆ?

ಮಕ್ಕಳು ಶಾಲೆಯಿಂದ ಬಂದೊಡನೆ ನಾವು ಕೇಳುವ ಪ್ರಶ್ನೆಗಳು ದಿನವೂ ಅವೇ. ಇವತ್ತು ಯಾವ ಪಾಠ ಆಯಿತು? ಹೋಂವರ್ಕ್ ಎಷ್ಟಿದೆ? ಡಬ್ಬಿ ಪೂರ್ತಿ ಖಾಲಿ ಮಾಡಿದೆಯಾ? ಒಂದು ದಿನ ಇವನ್ನೆಲ್ಲ ಬದಿಗಿಟ್ಟು, "ಬಿಡುವಿನಲ್ಲಿ ಏನು ಆಡಿದೆ ಬೇಟಾ, ಎಲ್ಲಿ ಆಡಿದೆ?" ಎಂದು ಕೇಳಿ ನೋಡಿ. ಮಗನಾದರೆ ಎಷ್ಟು ರನ್ ಹೊಡೆದೆನೆಂದು ಹೇಳಿಯಾನು. ಹತ್ತು ವರ್ಷದ ಮಗಳ ಉತ್ತರ ಬೇರೆಯೇ ಇದ್ದೀತು: "ನಾವು ಮೆಟ್ಟಿಲ ಮೇಲೆ ಕೂತಿದ್ವಿ ಅಮ್ಮೀ. ಗ್ರೌಂಡಿನಲ್ಲಿ ದೊಡ್ಡ ಹುಡುಗರು ಆಡ್ತಾರಲ್ಲ."

ನಮ್ಮ ಬಹಳಷ್ಟು ಶಾಲೆಗಳ ಅಂಗಳದಲ್ಲಿ ಒಂದೇ ಒಂದು ಬಯಲಿರುತ್ತದೆ. ಅದರ ನಡುವೆ ಮೂರು ಕಡ್ಡಿ ನೆಟ್ಟರೆ ಹನ್ನೆರಡು ಹುಡುಗರಿಗೆ ಇಡೀ ಬಯಲು ಬೇಕು. ಉಳಿದ ಇನ್ನೂರು ಮಕ್ಕಳಿಗೆ ಗೋಡೆಯಂಚು, ಜಗಲಿ, ನಳದ ಕಟ್ಟೆ. ಚೆಂಡು ತಾಗೀತೆಂದು ಒಂದನೇ, ಎರಡನೇ ತರಗತಿಯ ಪುಟ್ಟ ಮಕ್ಕಳು ಕೂಡ ನಡುವೆ ಹೋಗುವುದಿಲ್ಲ. ಹುಡುಗರ ತಪ್ಪು ಇದರಲ್ಲಿ ಏನೂ ಇಲ್ಲ. ಆ ಜಾಗವನ್ನು ಬೇರೆ ಯಾವ ಆಟಕ್ಕೂ ನಾವು ಅಣಿಗೊಳಿಸಿಲ್ಲ, ಅಷ್ಟೇ.

ಮಕ್ಕಳ ದಿನಚರಿಯನ್ನೂ ಸ್ವಲ್ಪ ಲೆಕ್ಕ ಹಾಕಿ. ಬೆಳಿಗ್ಗೆ ಶಾಲೆ, ಸಂಜೆ ಟ್ಯೂಷನ್, ಅದರ ಹಿಂದೆಯೋ ಮುಂದೆಯೋ ಮದರಸ. ಗಂಡು ಮಕ್ಕಳಿಗೆ ಭಾನುವಾರ ಗಲ್ಲಿಯಾದರೂ ಇದೆ. ಹೆಣ್ಣು ಮಕ್ಕಳು ಹತ್ತು ದಾಟಿದೊಡನೆ ಗಲ್ಲಿಯಲ್ಲಿ ಆಡುವುದು ತಾನಾಗಿಯೇ ನಿಂತುಬಿಡುತ್ತದೆ. ಯಾರೂ ನಿಲ್ಲಿಸೆಂದು ಹೇಳಿರುವುದಿಲ್ಲ, ಆದರೂ ನಿಂತಿರುತ್ತದೆ. ಅಂಥ ಮಗುವಿಗೆ ಆಡಲು ಉಳಿಯುವುದು ಶಾಲೆಯ ಬಿಡುವಿನ ಹೊತ್ತು ಮಾತ್ರ. ಅದನ್ನೂ ಮೆಟ್ಟಿಲ ಮೇಲೆ ಕೂತು ಕಳೆದರೆ ಆಕೆ ಆಡುವುದು ಯಾವಾಗ?

ಇದು ನಮ್ಮ ಸಮಾಜಕ್ಕೆ ಮಾತ್ರ ಅಂಟಿದ ಸಮಸ್ಯೆ ಎಂದುಕೊಳ್ಳಬೇಡಿ. ಆಸ್ಟ್ರಿಯಾ ದೇಶದ ರಾಜಧಾನಿ ವಿಯೆನ್ನಾದಲ್ಲಿ 1990ರ ದಶಕದಲ್ಲಿ ಸಾರ್ವಜನಿಕ ಪಾರ್ಕುಗಳನ್ನು ಗಮನಿಸಿದಾಗ, ಒಂಬತ್ತು ವರ್ಷ ದಾಟಿದ ಹುಡುಗಿಯರು ಅಲ್ಲಿಗೆ ಬರುವುದು ಥಟ್ಟನೆ ಕಡಿಮೆಯಾಗುತ್ತದೆಂದು ಕಂಡುಬಂತು. ಹುಡುಗರೊಂದಿಗೆ ಜಾಗಕ್ಕಾಗಿ ಜಗಳವಾಡುವ ಬದಲು ಅವರು ಸುಮ್ಮನೆ ಎದ್ದು ಹೋಗುತ್ತಿದ್ದರು. ನಗರಾಡಳಿತ ಎರಡು ಪಾರ್ಕುಗಳನ್ನು ಹೊಸದಾಗಿ ರೂಪಿಸಿತು. ದೊಡ್ಡ ಬಯಲನ್ನು ಸಣ್ಣ ಸಣ್ಣ ಭಾಗಗಳಾಗಿ ವಿಂಗಡಿಸಿತು, ಒಳಗೆ ನಡೆದಾಡಲು ದಾರಿ ಮಾಡಿತು, ಬ್ಯಾಡ್ಮಿಂಟನ್, ವಾಲಿಬಾಲ್‌ಗೆ ಜಾಗ ಇಟ್ಟಿತು. ಹುಡುಗಿಯರು ಮರಳಿ ಬಂದರು. ಹುಡುಗರನ್ನು ಹೊರಗೆ ಹಾಕಬೇಕಾಗಿಯೂ ಬರಲಿಲ್ಲ. ಅಂಗಳದ ಆಕಾರ ಬದಲಾದರೆ ಅಲ್ಲಿ ಯಾರು ಆಡುತ್ತಾರೆ ಎಂಬುದೂ ಬದಲಾಗುತ್ತದೆ.

ಇನ್ನು ಆಕಾರ ಬದಲಿಸುವುದೆಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಕಬ್ಬಿಣದ ಜಾರುಬಂಡಿ, ಎರಡು ಉಯ್ಯಾಲೆ, ಮೇಲೆ ಕೆಂಪು-ಹಳದಿ ಬಣ್ಣ, ಪಕ್ಕದಲ್ಲಿ ದಾನಿಗಳ ಹೆಸರಿನ ಫಲಕ. ಯಾರಾದರೂ ಕೊಟ್ಟರೆ ಬೇಡ ಎನ್ನಬೇಕಿಲ್ಲ. ಆದರೆ ಬಳ್ಳಾರಿಯ ಮಾರ್ಚ್-ಏಪ್ರಿಲ್ ಬಿಸಿಲಿಗೆ ಆ ತಗಡಿನ ಮೇಲೆ ಕೂತ ಮಗುವಿನ ತೊಡೆ ಚುರ್ ಎನ್ನುತ್ತದೆ. ಜಾರುಬಂಡಿಯಲ್ಲಿ ಮಾಡಬಹುದಾದದ್ದೂ ಒಂದೇ: ಹತ್ತುವುದು, ಜಾರುವುದು, ಮತ್ತೆ ಸಾಲಿನಲ್ಲಿ ನಿಲ್ಲುವುದು. ಹೊಸದಾಗಿ ಏನನ್ನೂ ಕಟ್ಟುವ, ಕೆಡಿಸುವ, ಕಲ್ಪಿಸುವ ಅವಕಾಶ ಅಲ್ಲಿಲ್ಲ. ಎರಡು ವಾರ ಸಂಭ್ರಮ, ಆಮೇಲೆ ಬೇಸರ. ಬೇಸರವಾದ ಮಗು ಜಾರುಬಂಡಿಯನ್ನು ಕೆಳಗಿನಿಂದ ಮೇಲಕ್ಕೆ ಹತ್ತತೊಡಗುತ್ತದೆ, ನಾವು ಗದರುತ್ತೇವೆ. ಗದರುವ ಮೊದಲು ಒಂದು ಕ್ಷಣ ಯೋಚಿಸಿದರೆ, ಆ ಮಗು ಒಂದು ಹೊಸ ಆಟವನ್ನು ಹುಡುಕುತ್ತಿದೆ ಎಂದು ತಿಳಿಯುತ್ತದೆ.

ಡೆನ್ಮಾರ್ಕಿನಲ್ಲಿ ಸೋರೆನ್ಸನ್ ಎಂಬ ಉದ್ಯಾನ ವಿನ್ಯಾಸಕಾರರಿದ್ದರು. ಮಕ್ಕಳಿಗಾಗಿ ಅಚ್ಚುಕಟ್ಟಾದ ಆಟದ ಅಂಗಳಗಳನ್ನು ನಿರ್ಮಿಸಿದವರು. ಆದರೆ ಮಕ್ಕಳು ಅವುಗಳಿಗಿಂತ ಹೆಚ್ಚು ಖುಷಿಯಿಂದ ಆಡುತ್ತಿದ್ದುದು ಕಟ್ಟಡ ಕೆಲಸ ನಡೆಯುವಲ್ಲಿ, ಗುಜರಿ ಬಿದ್ದಿರುವಲ್ಲಿ ಎಂಬುದನ್ನು ಅವರು ಗಮನಿಸಿದರು. ಹಾಗಾಗಿ 1943ರಲ್ಲಿ, ದೇಶ ಜರ್ಮನರ ವಶದಲ್ಲಿದ್ದ ಕಾಲದಲ್ಲಿಯೇ, ಕೋಪನ್‌ಹೇಗನ್ ಬಳಿಯ ಎಮ್‌ಡ್ರಪ್‌ನಲ್ಲಿ ಗುಜರಿ ಸಾಮಾನುಗಳ ಒಂದು ಆಟದ ಅಂಗಳ ಆರಂಭವಾಯಿತು. ಹಲಗೆ, ಇಟ್ಟಿಗೆ, ಹಗ್ಗ, ಮಣ್ಣು, ಮತ್ತು ಜೊತೆಗಿದ್ದು ನೋಡಿಕೊಳ್ಳಲು ಒಬ್ಬ ದೊಡ್ಡವರು. ಮಕ್ಕಳು ಮನೆ ಕಟ್ಟಿದರು, ಕೆಡವಿದರು, ಮತ್ತೆ ಕಟ್ಟಿದರು. ಯುದ್ಧ ಮುಗಿದ ಮರುವರ್ಷ ಇಂಗ್ಲೆಂಡಿನಿಂದ ಬಂದ ಲೇಡಿ ಅಲೆನ್ ಇದನ್ನು ಕಂಡು ಬೆರಗಾದರು. ಆಮೇಲೆ ಲಂಡನ್ನಿನಲ್ಲಿ ಬಾಂಬು ಬಿದ್ದು ಹಾಳಾಗಿದ್ದ ನಿವೇಶನಗಳಲ್ಲಿ ಇಂಥ ಅಂಗಳಗಳು ಎದ್ದು ನಿಂತವು. ಮುಂದೆ 1971ರಲ್ಲಿ ಸೈಮನ್ ನಿಕಲ್ಸನ್ ಎಂಬವರು ಇದಕ್ಕೊಂದು ಸರಳ ವಿವರಣೆ ಕೊಟ್ಟರು. ಒಂದು ಜಾಗದಲ್ಲಿ ಮಕ್ಕಳು ಎತ್ತಿಡಬಹುದಾದ, ಜೋಡಿಸಬಹುದಾದ, ಬೇರ್ಪಡಿಸಬಹುದಾದ ಬಿಡಿ ವಸ್ತುಗಳು ಎಷ್ಟು ಹೆಚ್ಚಿರುತ್ತವೋ ಅಲ್ಲಿ ಹೊಸತನ್ನು ಸೃಷ್ಟಿಸುವ ಸಾಧ್ಯತೆಯೂ ಅಷ್ಟು ಹೆಚ್ಚು.

ನಿಜ ಹೇಳಬೇಕೆಂದರೆ ಇದು ನಮ್ಮ ಅಜ್ಜಿಯಂದಿರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಜೋಳದ ದಂಟಿನ ಸಿಪ್ಪೆ ಸುಲಿದು, ಬೆಂಡಿಗೆ ಅದೇ ಸಿಪ್ಪೆಯ ಕಡ್ಡಿ ಚುಚ್ಚಿ ಬಂಡಿ, ಕನ್ನಡಕ, ತೊಟ್ಟಿಲು ಮಾಡಿದ ಮಕ್ಕಳು ಈ ಸೀಮೆಯವರು. ಒದ್ದೆ ಮರಳಿನಲ್ಲಿ ಕಾಲಿಟ್ಟು ಗುಬ್ಬಿಗೂಡು ಕಟ್ಟಿದವರು, ಹುಣಿಸೆ ಬೀಜವನ್ನು ಅರ್ಧ ತೇಯ್ದು ಚೌಕಾಬಾರ ಆಡಿದವರು. ಹಂಪಿಗೆ ಹೋದಾಗ ಮಂಟಪಗಳ ಹಾಸುಗಲ್ಲುಗಳನ್ನು ಬಗ್ಗಿ ನೋಡಿ, ಅಲ್ಲಲ್ಲಿ ಆಟದ ಮನೆಗಳನ್ನು ಕೊರೆದಿರುವುದು ಕಾಣುತ್ತದೆ. ಆಟದ ಸಾಮಾನು ಅಂಗಡಿಯಿಂದಲೇ ಬರಬೇಕೆಂಬುದು ತೀರಾ ಇತ್ತೀಚಿನ ನಂಬಿಕೆ.

ಹಾಗಾದರೆ ನಮ್ಮ ಶಾಲೆಯಲ್ಲಿ ಏನು ಮಾಡಬಹುದು? ಎಲ್ಲ ಊರಿಗೂ ಒಂದೇ ನಕ್ಷೆ ಹೊಂದುವುದಿಲ್ಲ. ಒಂದೇ ಜಿಲ್ಲೆಯ ಮೂರು ಊರುಗಳನ್ನೇ ತೆಗೆದುಕೊಳ್ಳಿ.

ಸಿರುಗುಪ್ಪದ್ದು ಎರೆಮಣ್ಣು, ತುಂಗಭದ್ರೆಯ ನೀರು, ಭತ್ತದ ಗದ್ದೆ. ಆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಅಂಟಾಗುತ್ತದೆ, ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿರಿದು ಮಕ್ಕಳ ಪಾದ ಸಿಕ್ಕುವಷ್ಟು ಬಿರುಕು ಬಿಡುತ್ತದೆ. ಹಾಗಾಗಿ ಓಡಾಡುವ ಜಾಗಕ್ಕೆ ಗರಸು ಹಾಕಿಸಿ ನೀರು ಹರಿದುಹೋಗುವಂತೆ ಇಳಿಜಾರು ಮಾಡುವುದು ಮೊದಲ ಕೆಲಸ. ಆದರೆ ಎಲ್ಲವನ್ನೂ ಮುಚ್ಚಬೇಡಿ! ಅದೇ ಎರೆಮಣ್ಣು ಮಕ್ಕಳ ಕೈಗೆ ಸಿಕ್ಕರೆ ಬಂಗಾರ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಣ್ಣು ಅದು. ಮೂಲೆಯಲ್ಲಿ ಇಟ್ಟಿಗೆಯ ಅಂಚು ಕಟ್ಟಿ, ಪಕ್ಕದಲ್ಲೊಂದು ನೀರಿನ ನಳ ಇಟ್ಟರೆ ಮಡಕೆ, ಒಲೆ, ಕಾಲುವೆ, ತೂಬು, ಪುಟ್ಟ ಗದ್ದೆ ಎಲ್ಲವೂ ಅಲ್ಲೇ ಹುಟ್ಟುತ್ತವೆ. ನೀರನ್ನು ಎಲ್ಲಿ ತಡೆದರೆ ಎತ್ತ ಹರಿಯುತ್ತದೆ ಎಂಬ ವಿಜ್ಞಾನ ಪಾಠಕ್ಕೆ ಬೇರೆ ಪ್ರಯೋಗಾಲಯ ಬೇಡ. ಬೇಸಿಗೆಯಲ್ಲಿ ನಿಜವಾದ ಕಾಲುವೆಯತ್ತ ಓಡುವ ಮಕ್ಕಳ ಬಗ್ಗೆ ತಾಯಂದಿರಿಗಿರುವ ಭಯ ನನಗೆ ಗೊತ್ತು. ಶಾಲೆಯಲ್ಲಿ ಮೊಣಕೈ ಮುಳುಗುವಷ್ಟು ನೀರಿನಾಟಕ್ಕಾದರೂ ಜಾಗವಿರಲಿ. ಆ ಊರಲ್ಲಿ ಅಕ್ಕಿ ಗಿರಣಿಗಳಿಗೆ ಬರವಿಲ್ಲ. ಹಳೆಯ ಗೋಣಿಚೀಲ ಕೇಳಿದರೆ ಕೊಡುತ್ತಾರೆ. ಚೀಲದೊಳಗೆ ಭತ್ತದ ಹೊಟ್ಟು ತುಂಬಿ ಬಿಗಿಯಾಗಿ ಹೊಲಿದರೆ ಮಕ್ಕಳು ಹೊತ್ತು ತಂದು ಕೋಟೆ ಕಟ್ಟುವಷ್ಟು ಹಗುರ. ಹೊಟ್ಟನ್ನು ಮಾತ್ರ ಸಡಿಲವಾಗಿ ಬಿಡಬಾರದು, ಅದರ ದೂಳು ಕಣ್ಣಿಗೂ ಎದೆಗೂ ಒಳ್ಳೆಯದಲ್ಲ.

ಕುರುಗೋಡಿಗೆ ಬಂದರೆ ಸುತ್ತಲೂ ಬಂಡೆ. ದೊಡ್ಡಬಸವೇಶ್ವರ ದೇವಾಲಯದ ಏಕಶಿಲೆಯ ಬೃಹತ್ ನಂದಿಯನ್ನು ಕಂಡವರಿಗೆ ಆ ಊರಿನ ಕಲ್ಲಿನ ಬಗ್ಗೆ ಹೇಳಬೇಕಾಗಿಲ್ಲ. ಹಾಲೆಂಡಿನ ವಾಸ್ತುಶಿಲ್ಪಿ ಆಲ್ಡೋ ವ್ಯಾನ್ ಐಕ್ 1947ರಿಂದ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ 700ಕ್ಕೂ ಹೆಚ್ಚು ಆಟದ ಅಂಗಳಗಳನ್ನು ರೂಪಿಸಿದರು. ಅವುಗಳಲ್ಲಿ ಹೆಚ್ಚಾಗಿ ಇದ್ದದ್ದು ಮರಳ ಗುಂಡಿ, ಬೇರೆ ಬೇರೆ ಎತ್ತರದ ದಿಮ್ಮಿಗಳು, ತೂಗಾಡಲು ಕಂಬಿ, ಅಷ್ಟೇ. ಆ ದಿಮ್ಮಿಗಳನ್ನು ಅವರು ಎರಕ ಹೊಯ್ದು ಮಾಡಿಸಬೇಕಾಯಿತು, ನಮಗೆ ಬೆಟ್ಟವೇ ಕೊಟ್ಟಿದೆ. ಅಂಚು ಚೂಪಿಲ್ಲದ ಗುಂಡುಗಳನ್ನು ಆರಿಸಿ, ಅಲುಗಾಡದಂತೆ ಮೂರನೇ ಒಂದು ಪಾಲು ನೆಲದೊಳಗೆ ಹೂತು, ಸುತ್ತ ದಪ್ಪ ಮರಳು ಹಾಸಿದರೆ ಸಾಕು. ಎತ್ತರ ಪುಟ್ಟ ಮಕ್ಕಳ ಸೊಂಟವನ್ನು ಮೀರದಿರಲಿ. ಆ ಕಲ್ಲು ಒಂದು ದಿನ ಹಡಗಾಗುತ್ತದೆ, ಇನ್ನೊಂದು ದಿನ ಅಂಗಡಿಯ ಕಟ್ಟೆ, ಮತ್ತೊಂದು ದಿನ ಮೂವರು ಗೆಳತಿಯರು ಕೂತು ಗುಟ್ಟು ಮಾತಾಡುವ ಜಾಗ. ಸುಮ್ಮನೆ ಕೂತು ಮಾತಾಡುವುದೂ ಮಕ್ಕಳಿಗೆ ಬೇಕು. ಅದಕ್ಕೆ ಮೆಟ್ಟಿಲೇ ಗತಿಯಾಗಬಾರದು. ಕಲ್ಲಿನ ಸಂದಿಯಲ್ಲಿ ಚೇಳು ಸೇರುವ ಸೀಮೆ ನಮ್ಮದು, ಆದ್ದರಿಂದ ಸಂದಿಗಳನ್ನು ಗಾರೆಯಿಂದ ಮುಚ್ಚುವುದನ್ನು ಮರೆಯಬಾರದು.

ಕಲ್ಲಿನ ಮಾತು ಬಂದಾಗ ಒಂದು ವಿಷಯ ಹೇಳಿಬಿಡುತ್ತೇನೆ. ಬಳ್ಳಾರಿ ನಗರದ ಹತ್ತಿರದ ಸಂಗನಕಲ್ಲು-ಕಪ್ಪಗಲ್ಲು ಬೆಟ್ಟದಲ್ಲಿ ಬಡಿದರೆ ಗಂಟೆಯಂತೆ ನಾದ ಬರುವ ಕಪ್ಪು ಬಂಡೆಗಳಿವೆ. ನವಶಿಲಾಯುಗದ ಜನ ಅವುಗಳನ್ನು ಬಡಿದು ಬಡಿದು ಗುಳಿ ಬಿದ್ದಿವೆ. ಸಂಶೋಧಕಿ ನಿಕೋಲ್ ಬೋವಿನ್ 2004ರಲ್ಲಿ ಇವುಗಳ ಬಗ್ಗೆ ಬರೆದ ಮೇಲೆ ಹೊರದೇಶಗಳಲ್ಲೂ ಸುದ್ದಿಯಾಯಿತು. ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಆ ಬೆಟ್ಟದ ಕಲ್ಲನ್ನು ಯಾರೂ ಮುಟ್ಟಿ ಕೆಡಿಸಬಾರದು, ಕಲ್ಲು ಗಣಿಗಾರಿಕೆಯಿಂದ ಅದಕ್ಕೆ ಆಗಿರುವ ಹಾನಿಯೇ ಸಾಕಷ್ಟಿದೆ. ಆದರೆ ಶಾಲೆಯ ಬೇಲಿಗೆ ಉದ್ದ-ಗಿಡ್ಡ ಕಬ್ಬಿಣದ ಕೊಳವೆ, ಹಳೆಯ ತಟ್ಟೆ, ಡಬ್ಬಿಗಳನ್ನು ತೂಗುಹಾಕಿ ಬಡಿಯಲು ಎರಡು ಕೋಲು ಕೊಟ್ಟರೆ ಮಕ್ಕಳು ತಮ್ಮದೇ ನಾದ ಹುಡುಕಿಕೊಳ್ಳುತ್ತಾರೆ. ಪಾಠದ ಕೋಣೆಯಿಂದ ದೂರದ ಬೇಲಿಯನ್ನೇ ಆರಿಸಿ, ಇಲ್ಲದಿದ್ದರೆ ಮೇಷ್ಟ್ರು ಒಂದೇ ವಾರದಲ್ಲಿ ತೆಗೆಸುತ್ತಾರೆ!

ಬಳ್ಳಾರಿ ನಗರದ ಕಷ್ಟ ಬೇರೆ. ಅಲ್ಲಿ ಜಾಗವೇ ಇಕ್ಕಟ್ಟು. ಹಳೆಯ ಬಡಾವಣೆಗಳ ಕನ್ನಡ, ಉರ್ದು ಶಾಲೆಗಳಲ್ಲಿ ಅಂಗಳವೆಂದರೆ ಪ್ರಾರ್ಥನೆಗೆ ಸಾಲು ನಿಲ್ಲುವಷ್ಟು ನೆಲ. ಅದಕ್ಕೂ ಈಗ ಇಂಟರ್‌ಲಾಕ್ ಇಟ್ಟಿಗೆ ಹಾಕಿಸುವ ಹುಚ್ಚು. ಕಣ್ಣಿಗೆ ಚೊಕ್ಕಟವಾಗಿ ಕಾಣುತ್ತದೆ, ಸರಿ. ಆದರೆ ಮಧ್ಯಾಹ್ನ ಹೆಂಚಿನಂತೆ ಕಾಯುತ್ತದೆ, ಬಿದ್ದರೆ ಮೊಣಕಾಲು ಸುಲಿಯುತ್ತದೆ, ಮಕ್ಕಳಿಗೆ ಅಗೆಯಲು ಹಿಡಿ ಮಣ್ಣೂ ಉಳಿಯುವುದಿಲ್ಲ. ಹಾಕಿಸುವುದೇ ಆದರೆ ಅರ್ಧಕ್ಕೆ ಹಾಕಿಸಿ. ಇಕ್ಕಟ್ಟಾದ ಶಾಲೆಗೆ ಗೋಡೆ ಮತ್ತು ನೆಲವೇ ಆಟದ ಸಾಮಾನು. ದೆಹಲಿಯ ವಾಸ್ತುಶಿಲ್ಪಿ ಕಬೀರ್ ವಾಜಪೇಯಿ ಮತ್ತು ಸಂಗಡಿಗರು ಯುನಿಸೆಫ್ ನೆರವಿನೊಂದಿಗೆ ರೂಪಿಸಿದ 'ಬಾಲಾ' ಎಂಬ ಕ್ರಮದಲ್ಲಿ ಶಾಲೆಯ ಕಟ್ಟಡವನ್ನೇ ಕಲಿಕೆಯ ಸಾಧನವಾಗಿಸುತ್ತಾರೆ. ಬಾಗಿಲು ತೆರೆಯುವ ನೆಲದಲ್ಲಿ ಕೋನಗಳ ಗೆರೆ ಎಳೆದರೆ ಬಾಗಿಲೇ ಕೋನಮಾಪಕ. ಹಾಗೆಯೇ ಜಗಲಿಯ ನೆಲದಲ್ಲಿ ಕುಂಟಾಬಿಲ್ಲೆ, ಚೌಕಾಬಾರ, ಹುಲಿ-ಕುರಿ ಮನೆಗಳನ್ನು ಬಣ್ಣದಲ್ಲಿ ಬರೆಸಬಹುದು. ಕಾಂಪೌಂಡಿನ ಒಳಮೈಗೆ ಮಕ್ಕಳ ಎತ್ತರಕ್ಕೆ ಕಪ್ಪು ಬಣ್ಣ ಬಳಿದು ಸೀಮೆಸುಣ್ಣ ಕೊಡಬಹುದು.

ಬಳ್ಳಾರಿ ಜೀನ್ಸ್ ಹೊಲಿಗೆಯ ಊರೂ ಹೌದು. ಉಳಿದ ದಪ್ಪ ಬಟ್ಟೆಯ ತುಂಡು, ಹಳೆಯ ಪ್ಯಾಂಟಿನ ಕಾಲು, ಇವುಗಳಿಂದ ನಮ್ಮ ತಾಯಂದಿರೇ ಒಂದು ಮಧ್ಯಾಹ್ನದಲ್ಲಿ ಮರಳುಚೀಲ, ಡೇರೆಯ ಬಟ್ಟೆ, ಎಳೆದಾಡುವ ಹಗ್ಗ ಮಾಡಿಕೊಡಬಲ್ಲರು. ಹಳೆಯ ಸೀರೆ, ದುಪಟ್ಟಾ ನಾಲ್ಕು ಸೇರಿದರೆ ಮದುವೆ ಮನೆ, ಆಸ್ಪತ್ರೆ, ಅಂಗಡಿ, ಎಲ್ಲವೂ ತಯಾರು. ಅದಿರು ಲಾರಿಗಳು ಓಡಾಡುವ ಜಿಲ್ಲೆಯಲ್ಲಿ ಸವೆದ ಟೈರಿಗೂ ಕೊರತೆಯಿಲ್ಲ. ಬೆಂಗಳೂರಿನ ಆಂಟ್‌ಹಿಲ್ ಕ್ರಿಯೇಷನ್ಸ್ ಎಂಬ ಸಂಸ್ಥೆ ಇಂಥ ಹಳೆಯ ಟೈರುಗಳಿಂದಲೇ ದೇಶದ ಹಲವೆಡೆ ಮಕ್ಕಳಿಗೆ ಆಟದ ಅಂಗಳ ಕಟ್ಟಿದೆ. ಆದರೆ ಟೈರು ತಂದು ಎಸೆದರೆ ಕೆಲಸ ಮುಗಿಯಲಿಲ್ಲ. ಒಳಗೆ ನೀರು ನಿಂತರೆ ಡೆಂಗಿ ಸೊಳ್ಳೆಗೆ ಅದೇ ಮನೆ. ಕೆಳಭಾಗದಲ್ಲಿ ನಾಲ್ಕಾರು ತೂತು ಕೊರೆಸಬೇಕು. ಒಳಗಿನ ಉಕ್ಕಿನ ತಂತಿ ಹೊರಬಂದಿದ್ದರೆ ಅಂಥದ್ದನ್ನು ತರಲೇಬಾರದು. ಚೆನ್ನಾಗಿ ತೊಳೆದು, ಬಣ್ಣ ಬಳಿದು, ನೆರಳಿನಲ್ಲಿ ಇಡಬೇಕು.

ನೆರಳು ಎಂದೆನಲ್ಲ, ನಮ್ಮ ಸೀಮೆಯಲ್ಲಿ ಆಟದ ಅಂಗಳದ ನಕ್ಷೆ ಶುರುವಾಗಬೇಕಾದದ್ದೇ ಅಲ್ಲಿಂದ. ಮರವಿಲ್ಲದ ಮೈದಾನ ವರ್ಷದಲ್ಲಿ ಹಲವು ತಿಂಗಳು ಮಧ್ಯಾಹ್ನದ ಹೊತ್ತು ಯಾರಿಗೂ ಉಪಯೋಗವಿಲ್ಲ. ಹಾಳುಬಿದ್ದ ಮೂಲೆಯಲ್ಲೆಲ್ಲ ಬೆಳೆದು ನಿಲ್ಲುವುದು ನಮ್ಮ ಊರಿನ ಹೆಸರನ್ನೇ ಹೊತ್ತಿರುವ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಗಿಡಕ್ಕೆ ಈ ಹೆಸರು! ಅದರ ಮುಳ್ಳು ಬರಿಗಾಲಿನ ಮಗುವಿನ ಪಾದಕ್ಕೆ ಚುಚ್ಚಿದರೆ ವಾರಗಟ್ಟಲೆ ಬಾವು. ಅದನ್ನು ಬೇರುಸಹಿತ ತೆಗೆಸಿ ಬೇವು, ಹೊಂಗೆ ನೆಡಿಸಿ. ಮೂರ್ನಾಲ್ಕು ವರ್ಷ ಕಾಯಬೇಕು, ನಿಜ. ಅಲ್ಲಿಯತನಕ ಹಸಿರು ನೆರಳುಬಲೆ ಕಟ್ಟಿದರೂ ಆದೀತು.

ಪೆಟ್ಟಾದರೆ ಯಾರು ಜವಾಬು ಎಂದು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಏಕೆಂದರೆ ಮಗು ಬಿದ್ದಾಗ ಶಾಲೆಯ ಬಾಗಿಲಿಗೆ ಹೋಗಿ ಕೂಗಾಡುವವರು ನಾವೇ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಅನಿತಾ ಬಂಡಿ ಮತ್ತು ಸಂಗಡಿಗರು ಶಾಲೆಯ ಅಂಗಳದಲ್ಲಿ ಟೈರು, ಹಾಲಿನ ಕ್ರೇಟು ಮೊದಲಾದ ಬಿಡಿ ಸಾಮಾನುಗಳನ್ನಿಟ್ಟು ನೋಡಿದಾಗ ಮಕ್ಕಳು ಮೊದಲಿಗಿಂತ ಹೆಚ್ಚು ಓಡಾಡಿದರು. ಶಿಕ್ಷಕರಿಗೆ ಮಾತ್ರ ಆಟ ಅಪಾಯದ್ದಾಗಿ ಕಂಡಿತು. ಆದರೆ ಅವರ ಆರಂಭದ ಪ್ರಯೋಗದಲ್ಲಿ ಗಾಯಗಳು ವರದಿಯಾಗಲಿಲ್ಲ. ಮೊಣಕಾಲು ತರಚುವುದು ಬೇರೆ, ತುಕ್ಕು ಹಿಡಿದ ಮೊಳೆಯಿಂದ ಗಾಯವಾಗುವುದು ಬೇರೆ. ಮೊದಲನೆಯದನ್ನು ಹೆತ್ತವರು ಸಹಿಸಬೇಕು, ಎರಡನೆಯದನ್ನು ಶಾಲೆ ತಡೆಯಬೇಕು. ಈ ಒಪ್ಪಂದ ಮೊದಲೇ ಬಾಯಿಬಿಟ್ಟು ಆಗಲಿ.

ಹಣದ ಮಾತಿಗೆ ಬರೋಣ. ಮೇಲೆ ಹೇಳಿದ್ದರಲ್ಲಿ ಹೆಚ್ಚಿನದಕ್ಕೆ ಖರ್ಚಿಗಿಂತ ಓಡಾಟವೇ ಜಾಸ್ತಿ. ಗರಸು, ಮರಳು, ನಳ, ಬಲೆ ಇವಕ್ಕೆ ಮಾತ್ರ ದುಡ್ಡು ಬೇಕು. ಗಣಿಗಾರಿಕೆಯಿಂದ ನೊಂದ ಪ್ರದೇಶಗಳಿಗಾಗಿ 2015ರ ಕಾನೂನು ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಶಿಕ್ಷಣಕ್ಕೂ ಮಹಿಳೆಯರು ಮತ್ತು ಮಕ್ಕಳ ಕಲ್ಯಾಣಕ್ಕೂ ಆದ್ಯತೆಯಿದೆ. ಅದಿರಿನ ದೂಳು ಕುಡಿದ ಮಕ್ಕಳಿಗೆ ಆ ಹಣದಲ್ಲಿ ಒಂದು ನೆರಳಿನ ಅಂಗಳ ಕೇಳುವುದು ಭಿಕ್ಷೆಯಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ ಮತ್ತು ಆಟದ ಸಾಮಗ್ರಿ ಇರಬೇಕೆಂದು ಬರೆದಿದೆ. ಅದೇ ಕಾಯ್ದೆಯ ಪ್ರಕಾರ ಸರಕಾರಿ ಮತ್ತು ಅನುದಾನಿತ ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು. ನಮ್ಮಲ್ಲಿ ಎಸ್‌ಡಿಎಂಸಿ ಎಂದು ಕರೆಯುವುದು ಇದನ್ನೇ. ಆ ಅರ್ಧದಲ್ಲಿ ಎಷ್ಟೋ ಸಹೋದರಿಯರ ಹೆಸರು ಪುಸ್ತಕದಲ್ಲಿರುತ್ತದೆ, ಸಭೆಗೆ ಹೋಗುವುದು ಮನೆಯ ಗಂಡಸರು. ಈ ಸಲ ನೀವೇ ಹೋಗಿ.

ಹೋಗುವ ಮೊದಲು ಒಂದು ಕೆಲಸ ಮಾಡಿ. ಒಂದು ದಿನ ಬಿಡುವಿನ ಹೊತ್ತಿಗೆ ಶಾಲೆಯ ಗೇಟಿನ ಬಳಿ ನಿಂತು, ಯಾವ ಮಕ್ಕಳು ಎಲ್ಲಿ ಇದ್ದಾರೆಂದು ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಹುಡುಗರಿಗೆ ಒಂದು ಗುರುತು, ಹುಡುಗಿಯರಿಗೆ ಇನ್ನೊಂದು, ಪುಟ್ಟವರಿಗೆ ಮತ್ತೊಂದು. ಸಭೆಯಲ್ಲಿ ಆ ಹಾಳೆಯನ್ನು ಮೇಜಿನ ಮೇಲಿಟ್ಟರೆ ಹೆಚ್ಚು ಮಾತಿನ ಅಗತ್ಯ ಬೀಳದು. ಮಕ್ಕಳನ್ನೂ ಕೇಳಿಸಿ. ಏನು ಬೇಕೆಂದು ಕೇಳಿದರೆ ಅವರು ಟಿವಿಯಲ್ಲಿ ಕಂಡದ್ದನ್ನೇ ಹೇಳುತ್ತಾರೆ. "ಇಲ್ಲಿ ಯಾವ ಜಾಗಕ್ಕೆ ಹೋಗಲು ನಿನಗೆ ಇಷ್ಟವಿಲ್ಲ?" ಎಂದು ಕೇಳಿದರೆ ನಿಜ ಹೊರಬರುತ್ತದೆ.

ಕ್ರಿಕೆಟ್ಟನ್ನು ನಿಲ್ಲಿಸಬೇಕಿಲ್ಲ. ಬಯಲಿನ ಒಂದು ಬದಿ ಅವರಿಗಿರಲಿ, ನಡುವೆ ಗಿಡಗಳ ಸಾಲು ಬರಲಿ, ಇನ್ನೊಂದು ಬದಿಯಲ್ಲಿ ಮಣ್ಣು, ಕಲ್ಲು, ಬಟ್ಟೆ, ಟೈರು ಬರಲಿ. ಹುಡುಗರಲ್ಲೂ ಕ್ರಿಕೆಟ್ ಒಲ್ಲದವರು ಬಹಳ ಮಂದಿ ಇದ್ದಾರೆ, ಅವರು ಈ ಬದಿಗೆ ಬರುತ್ತಾರೆ. ಬಿಡಿ ಸಾಮಾನುಗಳಿಗೆ ಬೀಗ ಹಾಕುವ ಒಂದು ಪೆಟ್ಟಿಗೆಯೋ ಸಣ್ಣ ಕೋಣೆಯೋ ಬೇಕೇ ಬೇಕು, ಇಲ್ಲವಾದರೆ ಬೇಸಿಗೆ ರಜೆಯಲ್ಲಿ ಒಂದೂ ಉಳಿಯುವುದಿಲ್ಲ. ಗಂಟೆಗೆ ಐದು ನಿಮಿಷ ಮೊದಲು ಎಲ್ಲವನ್ನೂ ಮಕ್ಕಳೇ ಎತ್ತಿಡಲಿ. ವಾರಕ್ಕೊಮ್ಮೆ ಹರಿದದ್ದು, ಒಡೆದದ್ದನ್ನು ಬೇರ್ಪಡಿಸಲಿ. ಬೀಗದ ಕೈ ಹೆಡ್‌ಮಾಸ್ಟರ ಮೇಜಿನ ಖಾನೆ ಸೇರಿದರೆ ಪೆಟ್ಟಿಗೆ ತಿಂಗಳುಗಟ್ಟಲೆ ತೆರೆಯುವುದಿಲ್ಲ, ಆದ್ದರಿಂದ ಅದನ್ನು ಐದನೆಯ, ಆರನೆಯ ತರಗತಿಯ ಹುಡುಗಿಯರಿಗೆ ಸರದಿಯ ಮೇಲೆ ಕೊಡುವಂತೆ ಸಭೆಯಲ್ಲೇ ಬರೆಸಿಕೊಂಡು ಬನ್ನಿ.